ಮಲೇಷ್ಯಾಕ್ಕೆ ಸೋಲುವ ಕಲೆ

ಮೂಡಿಗೆರೆಯ ಬಸ್ ನಿಲ್ದಾಣದಿಂದ ನಮ್ಮ ಮನೆಗೆ ನಡೆದು ಬರುವ ಅಲ್ಪ ದೂರದಲ್ಲಿ 'ಇಂಟರ್‌ನ್ಯಾಷನಲ್' ಎಂಬ ವಿಶೇಷಣವನ್ನು ನೆತ್ತಿಯ ಮೇಲೆ ಹೊತ್ತ ಒಂದು ಕ್ಷೌರದಂಗಡಿ, ಒಂದು ಟೈಲರ್ ಅಂಗಡಿ ಮತ್ತು ಪಂಕ್ಚರ್ ಹಾಕುವ ಒಂದು ತಗಡಿನ ಶೆಡ್ಡು ಎದುರಾಗುತ್ತವೆ. ಕ್ಷೌರದಂಗಡಿಯ ಯಜಮಾನರು ಹಾಸನದಿಂದಾಚೆ ಹೋದವರಲ್ಲ. ಟೈಲರಿಗೆ ಹಾಸನವೂ ಪರದೇಶವೇ. ಹೊರಗಿನಿಂದ ಬಂದ ನೆಂಟರು ಈ ಫಲಕಗಳನ್ನು ಓದಿ ಮುಸಿಮುಸಿ ನಗುವಾಗ ನಾನು ಮಾತ್ರ ಮುಖ ಗಂಟಿಕ್ಕಿಕೊಂಡು ಮುಂದೆ ನಡೆಯುತ್ತೇನೆ. ಕಾರಣವಿದೆ. ಓದುಗ ಮಿತ್ರರೇ, ನೀವೀಗ ಓದುತ್ತಿರುವುದು ಒಬ್ಬ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಆಟಗಾರನ ಬರಹವನ್ನು. ನಗಬೇಡಿ, ನಗಲೇಬೇಕೆಂದಿದ್ದರೆ ಪೂರ್ತಿ ಕೇಳಿಸಿಕೊಂಡು ನಗಿ.

ಮೊನ್ನೆ ಪತ್ರಿಕೆಯೊಂದರಲ್ಲಿ ಒಬ್ಬ ಪಂಡಿತರು ಕಿರಿಯರ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಪಂದ್ಯಾವಳಿಗಳ ಇತಿಹಾಸವನ್ನು ಸವಿಸ್ತಾರವಾಗಿ ಬರೆದಿದ್ದರು. ಮೊದಲು ಯುರೋಪಿನವರು ತಮ್ಮ ತಮ್ಮ ಮಕ್ಕಳನ್ನು ಒಂದೆಡೆ ಕೂಡಿಸಿ ಆಡಿಸಿದರಂತೆ. ಜಗತ್ತಿನ ಎಲ್ಲ ಖಂಡಗಳ ಕಿರಿಯರು ಒಂದೇ ಸೂರಿನಡಿ ಸೆಣಸುವ ಪಂದ್ಯ ಹುಟ್ಟಿದ್ದು ಎಷ್ಟೋ ಕಾಲದ ಮೇಲಂತೆ. ಎಲ್ಲ ಸರಿ. ಆದರೆ ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ, ಏಷ್ಯಾ ಖಂಡದ ಎರಡು ಸಾರ್ವಭೌಮ ರಾಷ್ಟ್ರಗಳ ಕಿರಿಯರು ಮೂಡಿಗೆರೆಯ ಸಮೀಪದ ಕಾಫಿ ಕಣವೊಂದರಲ್ಲಿ ಎದುರುಬದುರಾದ ಪ್ರಸಂಗಕ್ಕೆ ಆ ಮಹನೀಯರು ಅರ್ಧ ಸಾಲನ್ನೂ ಮೀಸಲಿಟ್ಟಿರಲಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ? ಈ ಐತಿಹಾಸಿಕ ಅನ್ಯಾಯವನ್ನು ಸರಿಪಡಿಸುವ ಭಾರ ಅನಿವಾರ್ಯವಾಗಿ ನನ್ನ ಹೆಗಲಿಗೇ ಬಿದ್ದಿದೆ.

ಕಾಫಿ ಕಣವೆಂದರೆ ಕಾಫಿ ಒಣಗಿಸಲು ಸಿಮೆಂಟು ಬಳಿದು ಮಟ್ಟಮಾಡಿದ ವಿಶಾಲ ಅಂಗಳ. ಕುಯಿಲಿನ ತಿಂಗಳುಗಳಲ್ಲಿ ಅದರ ಮೇಲೆ ಕಾಲಿಟ್ಟರೆ ಕಾಲು ಮುರಿಯುತ್ತಿದ್ದರು. ಕೊನೆಯ ಮೂಟೆ ಲಾರಿ ಹತ್ತಿದ ದಿನದಿಂದ ಮುಂಗಾರಿನ ಮೊದಲ ಹನಿ ಬೀಳುವವರೆಗೆ ಮಾತ್ರ ಅದು ನಮ್ಮದು. ಎಸ್ಟೇಟಿನ ಯಜಮಾನರಾದ ಪುಟ್ಟೇಗೌಡರು ಶಟಲ್ ಆಟದ ಮಹಾ ಹುಚ್ಚರು. ತಮ್ಮ ದೇಹದ ಸುತ್ತಳತೆಯ ದೆಸೆಯಿಂದ ಆಡಲಾರದೆ, ಆಡಿಸಿಯಾದರೂ ತೀರುತ್ತೇನೆಂದು ಸಂಕಲ್ಪಿಸಿ, ಕಣದ ನಡುವೆ ಸುಣ್ಣದಲ್ಲಿ ಗೆರೆ ಎಳೆಸಿ, ಸಿಲ್ವರ್ ಓಕಿನ ಎರಡು ಕಂಬ ನೆಟ್ಟು ನೆಟ್ ಕಟ್ಟಿಸಿ, ಬೇಸಿಗೆಗೊಂದು ಕಪ್ ಪಂದ್ಯ ನಡೆಸುತ್ತಿದ್ದರು. ಮಧ್ಯಾಹ್ನ ತಿರುಗಿತೆಂದರೆ ದೇವರಮನೆಯ ಗುಡ್ಡದ ಕಡೆಯಿಂದ ಗಾಳಿ ಬೀಸಿ, ನಾವು ಒಂದು ಕಡೆ ಹೊಡೆದ ಶಟಲ್ಲು ತನಗೆ ತೋಚಿದ ಇನ್ನೊಂದು ಕಡೆ ಹೋಗಿ ಬೀಳುತ್ತಿತ್ತು. ಆ ಗಾಳಿಯ ಗುಟ್ಟು ತಿಳಿದವನು ನಾನೊಬ್ಬನೇ ಎಂದು ಊರಲ್ಲಿ ಪ್ರತೀತಿ. ಪ್ರತೀತಿಯನ್ನು ಹಬ್ಬಿಸಿದವನೂ ನಾನೇ.

ಈ ಕೀರ್ತಿಗೆ ಮಣಿಯದ ಏಕೈಕ ವ್ಯಕ್ತಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಅಪ್ಪಯ್ಯ. ಬೆಳೆದು ನಿಂತ ಮಗ ಕೋಳಿಪುಕ್ಕಕ್ಕೆ ಹೊಡೆಯುತ್ತ ಹೊತ್ತು ಕಳೆಯುವುದು ಅವರಿಗೆ ಕುಲಕ್ಕೇ ತಟ್ಟಿದ ಕಳಂಕವಾಗಿ ಕಾಣುತ್ತಿತ್ತು. ನನಗೋ ಚಿಕ್ಕಮಗಳೂರಿನ ಕಾಲೇಜು ಸೇರಬೇಕು, ಅಲ್ಲಿಯ ತಂಡದಲ್ಲಿ ಆಡಬೇಕು ಎಂಬ ಏಕೈಕ ಜೀವಿತಾಪೇಕ್ಷೆ. ಅತ್ತೂ ಕರೆದೂ ಹಟ ಮಾಡಿದ ಮೇಲೆ ಒಂದು ರಾತ್ರಿ ಊಟದ ಎಲೆಯ ಮುಂದೆ ಅವರು ತೀರ್ಪು ಕೊಟ್ಟರು: "ನೋಡು ಶಿವೂ, ಈ ಬೇಸಿಗೇಲಿ ಗೌಡ್ರ ಕಣದಲ್ಲಿ ಕಪ್ ಗೆದ್ದು ತೋರ್ಸು, ಹೋಗು ಚಿಕ್ಕಮಗಳೂರಿಗೆ. ಸೋತ್ಯೋ, ಜೂನಿಂದ ಮೀಟರ್ ಕೋಲು ಹಿಡ್ದು ಅಂಗಡೀಲಿ ಕೂತ್ಕೋಬೇಕು. ಆಮೇಲೆ ರಾಗ ಎಳೀಬಾರ್ದು."

ನನ್ನ ಬಾಳಿನ ದಿಕ್ಕು ಹೀಗೆ ಒಂದು ಕಪ್ಪಿಗೆ ಜೋತುಬಿದ್ದಿದ್ದಾಗಲೇ ಊರಿಗೆ ಅನ್ವರ್ ಬಂದ. ಎಸ್ಟೇಟುಗಳ ಮುದಿ ಜೀಪುಗಳಿಗೆಲ್ಲ ಪುನರ್ಜನ್ಮ ಕೊಡುತ್ತಿದ್ದ ಮೆಕ್ಯಾನಿಕ್ ಇಸ್ಮಾಯಿಲ್ ಸಾಬರ ತಂಗಿಯನ್ನು ಮಲೇಷ್ಯಾದಲ್ಲಿ ವ್ಯಾಪಾರ ಮಾಡುವವರಿಗೆ ಕೊಟ್ಟಿತ್ತು. ಆಕೆಯ ಮಗ ಅನ್ವರ್, ನನ್ನದೇ ವಯಸ್ಸಿನವನು, ರಜೆಗೆಂದು ಮಾಮನ ಮನೆಗೆ ಬಂದಿದ್ದ. ತೌರನ್ನು ನೆನೆದು ಕೊರಗುತ್ತಿದ್ದ ತಾಯಿ ಮಗನಿಗೆ ನಮ್ಮೂರ ಕನ್ನಡವನ್ನೇ ಕಲಿಸಿದ್ದರಿಂದ ಅವನ ಬಾಯಲ್ಲಿ 'ಮಾರಾಯ' ಎಂಬುದು ನಮಗಿಂತ ಸೊಗಸಾಗಿ ಹೊರಳುತ್ತಿತ್ತು. ಬ್ರೇಕು ಸರಿಮಾಡಿಸಲು ಗ್ಯಾರೇಜಿಗೆ ಹೋದ ಪುಟ್ಟೇಗೌಡರು ಹುಡುಗ ಯಾರು, ಎಲ್ಲಿಂದ ಬಂದ ಎಂದು ವಿಚಾರಿಸಿ, ಮಲೇಷ್ಯಾ ಎಂಬ ಶಬ್ದ ಕಿವಿಗೆ ಬಿದ್ದೊಡನೆ ರೋಮಾಂಚಿತರಾದರು. ಆ ಕಡೆಯ ಆಟಗಾರರು ಲೋಕವನ್ನೇ ಗೆದ್ದು ಬರುತ್ತಿದ್ದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ಕೇಳಿ, ಅಲ್ಲಿ ಮಕ್ಕಳು ರಾಕೆಟ್ಟು ಹಿಡಿದೇ ಹುಟ್ಟುತ್ತವೆ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು.

"ಶಟಲ್ ಆಡ್ತೀಯೇನಪ್ಪಾ?"

"ಸ್ವಲ್ಪ," ಎಂದ ಅನ್ವರ್.

ಪಾಪ, ಅವನು ಹೇಳಿದ್ದು ಅಕ್ಷರಶಃ ಸತ್ಯ. ಪ್ಲಾಸ್ಟಿಕ್ಕಿನ ಶಟಲ್ಲಿನಲ್ಲಿ ತಂಗಿಯ ಜೊತೆ ಮನೆಯ ಮುಂದೆ ಆಗೀಗ ಆಡಿದ್ದುಂಟು. ಆದರೆ ಗೌಡರು ಆ 'ಸ್ವಲ್ಪ'ವನ್ನು ಮಹಾಪುರುಷರ ವಿನಯವೆಂದು ತಿಳಿದು ಪುಳಕಗೊಂಡು, ಬ್ರೇಕಿಲ್ಲದ ಜೀಪಿನಲ್ಲೇ ಮನೆಗೆ ಹಿಂತಿರುಗಿದರು. ವಾರ ಕಳೆಯುವುದರೊಳಗೆ ಕಳಸ, ಸಂಸೆಗಳ ಬಸ್ಸುಗಳ ಬೆನ್ನಿಗೂ ಪೋಸ್ಟರು ಅಂಟಿಕೊಂಡಿತ್ತು: ಅಂತರರಾಷ್ಟ್ರೀಯ ಕಿರಿಯರ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್! ಅಷ್ಟಲ್ಲದೆ, ತಾಲ್ಲೂಕು ಮಟ್ಟದ ಪಂದ್ಯಗಳಿಗೆ ಬಾರದ ಜಿಲ್ಲೆಯ ದೊಡ್ಡ ಅಧಿಕಾರಿಗಳೊಬ್ಬರು, ಅಂತರರಾಷ್ಟ್ರೀಯವೆಂದ ಮೇಲೆ ಫೈನಲ್ಲಿಗೆ ಬರಲೊಪ್ಪಿದ್ದರು. ನಾನು ಮಾತ್ರ ಆ ಪೋಸ್ಟರು ಓದಿ ಕಂಗಾಲಾದೆ. ಮಲೇಷ್ಯಾವನ್ನು ಸೋಲಿಸಿ ಕಪ್ಪು ಗೆಲ್ಲುವುದು ಎಲ್ಲಿಯ ಮಾತು? ಮನಸ್ಸಿನಲ್ಲೇ ಮೀಟರ್ ಕೋಲಿಗೆ ಕೈ ಮುಗಿದೆ.

ಪಂದ್ಯಗಳಿಗೆ ಇನ್ನೂ ಹತ್ತು ದಿನವಿರುವಾಗ ಒಂದು ಸಂಜೆ ಅನ್ವರ್ ಅಭ್ಯಾಸಕ್ಕೆ ಬಂದ. ಕಳಸ, ಸಂಸೆಯಿಂದ ಹೆಸರು ಕೊಟ್ಟಿದ್ದ ಹುಡುಗರೂ ಸೇರಿ ನಾವೆಲ್ಲ ಉಸಿರು ಬಿಗಿಹಿಡಿದು ಸುತ್ತ ಕೂತೆವು. ಅವನು ಸರ್ವಿಸ್ ಮಾಡಲು ಶಟಲ್ಲನ್ನು ಮೇಲಕ್ಕೆ ಬಿಟ್ಟು ರಾಕೆಟ್ಟು ಬೀಸಿದ. ರಾಕೆಟ್ಟು ಬಂದು ಹೋಯಿತು; ಶಟಲ್ಲು ಅವನ ಕಾಲ ಬುಡದಲ್ಲೇ ಬಿತ್ತು. ಎರಡನೆಯ ಸಲವೂ ಅಷ್ಟೇ. ಇದೇನೋ ನಾವು ಕಂಡರಿಯದ ವಿದೇಶೀ ತಂತ್ರವಿರಬೇಕೆಂದು ಕೆಲವರು ತಲೆದೂಗಿದರು. ಮೂರನೆಯ ಸಲ ಶಟಲ್ಲಿಗೆ ಬದಲು ರಾಕೆಟ್ಟೇ ನೆಟ್ ದಾಟಿ ಆಚೆ ಹೋದಾಗ ಗೌಡರು ತಲೆಯ ಮೇಲೆ ಕೈ ಹೊತ್ತು ಕೂತರು.

ಸ್ವಲ್ಪ ಹೊತ್ತಿಗೆ ನಮ್ಮನ್ನೆಲ್ಲ ಗೋಡೌನಿನ ಹಿಂದಕ್ಕೆ ಕರೆದರು. "ನೋಡ್ರೋ, ಈ ಹುಡುಗ ಮೊದಲ್ನೇ ರೌಂಡಲ್ಲೇ ಮಲಗಿಬಿಟ್ರೆ ಫೈನಲಲ್ಲಿ ಮೂಡಿಗೆರೆ-ಸಂಸೆ ಆಡ್ಕೊಂಡು ಕೂತಿರ್ತವೆ. ಸಾಹೇಬ್ರ ಎದುರಿಗೆ ನಾನು ಮುಖ ಎಲ್ಲಿಟ್ಕೊಳ್ಲಿ? ಅವ್ನು ಫೈನಲಿಗೆ ಬರ್ಲೇಬೇಕು. ಅವನ ಎದುರು ಆಡೋರೆಲ್ಲ ಸೋಲ್ರಿ. ಆದ್ರೆ ಗೊತ್ತಾಗ್ಬಾರ್ದು ಮಾರಾಯ್ರಾ! ಶಿವೂ, ನೀನು ಇನ್ನೊಂದು ಗುಂಪಲ್ಲಿ ಗೆದ್ದು ಫೈನಲಿಗೆ ಬಾ. ಫೈನಲಲ್ಲಿ ನಿಜವಾಗಿ ಆಡು, ಬೇಕಾದ್ರೆ ಹೊಡ್ದು ಮಲಗ್ಸು. ಅಲ್ಲೀ ತನಕ ಇವ್ರಿಗೆಲ್ಲ ಸೋಲೋದು ಹೆಂಗೆ ಅಂತ ಕಲ್ಸು."

ನಾನು ಆ ಕ್ಷಣದಲ್ಲಿ ಎಷ್ಟು ಹಿಗ್ಗಿದೆನೆಂದರೆ, ಗೌಡರ ಕಾಲಿಗೆ ಬೀಳುವುದೊಂದು ಬಾಕಿ. ಫೈನಲಿನಲ್ಲಿ ಎದುರಾಳಿ ಅನ್ವರ್! ಕಪ್ಪು ಕೈಗೆ ಬಂದಂತೆಯೇ, ಚಿಕ್ಕಮಗಳೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಂತೆಯೇ!

ಗೆಲುವಿಗೆ ಗುರುಗಳು ಎಲ್ಲೆಡೆ ಸಿಗುತ್ತಾರೆ. ಸೋಲಿಗೆ ಗುರುವಾದವರು ವಿರಳ. ನಾನು ಆದೆ. ನಿಜವಾಗಿ ಹೇಳುತ್ತೇನೆ, ತಿಳಿಯದಂತೆ ಸೋಲುವುದು ಬಹು ಸೂಕ್ಷ್ಮವಾದ ವಿದ್ಯೆ. ಶಟಲ್ಲು ನೆಟ್ಟಿನ ಮೇಲಂಚಿಗೆ ತಾಗಿ ಈಚೆಗೇ ಬೀಳಬೇಕು, ಬಿದ್ದೊಡನೆ 'ಛೇ' ಎನ್ನಬೇಕು, ಆದರೆ ತೀರಾ ದೊಡ್ಡ 'ಛೇ' ಆಗಬಾರದು. ಗೆರೆಯ ಹೊರಗೆ ಹೊಡೆದರೆ ಒಂದು ಕ್ಷಣ ಮರಗಳ ತುದಿ ನೋಡಿ ಗಾಳಿಯ ಮೇಲೆ ಗೂಬೆ ಕೂರಿಸಬೇಕು. ಇದನ್ನೆಲ್ಲ ನಾನೇ ಮತ್ತೆ ಮತ್ತೆ ಮಾಡಿ ತೋರಿಸಿದೆ. ಕಳಸದ ಹುಡುಗ ಅಭಿನಯದ ಆವೇಶದಲ್ಲಿ ಪ್ರತಿ ಪಾಯಿಂಟಿಗೂ ದಬಕ್ಕನೆ ಬಿದ್ದು, ಕೊನೆಗೆ ಮಂಡಿಗೆ ಅರಿಸಿನ ಮೆತ್ತಿಸಿಕೊಂಡು ಊರಿಗೆ ಹೋದ. ಸಂಸೆಯವನದು ಇನ್ನೊಂದೇ ಸಂಕಟ. ಅವನು ಹೊರಗೆ ಹೊಡೆದುದನ್ನೆಲ್ಲ ಗಾಳಿ ಎಳೆದು ತಂದು ಒಳಗೇ ಬೀಳಿಸುತ್ತಿತ್ತು. ಸೋಲಲಾರದೆ ಅವನ ಕಣ್ಣಲ್ಲಿ ನೀರು ಬಂತು; ಕೊನೆಗೆ ಸರ್ವಿಸುಗಳನ್ನೆಲ್ಲ ನೆಟ್ಟಿಗೇ ಹೊಡೆದು ಹೇಗೋ ಸೋತ. ಗೌಡರು ಕುರ್ಚಿಯಲ್ಲಿ ಕೂತು, ಎದುರಾಳಿಗಳೆಲ್ಲ ಮಲೇಷ್ಯಾದ ಹೊಡೆತಕ್ಕೆ ತತ್ತರಿಸುತ್ತಿದ್ದಾರೆಂದು ಮೈಕಿನಲ್ಲಿ ಸಾರುತ್ತಿದ್ದರು.

ಇಸ್ಮಾಯಿಲ್ ಸಾಬರ ಆನಂದಕ್ಕೆ ಪಾರವಿರಲಿಲ್ಲ. ಅಳಿಯ ಆಡುವ ದಿನ ಗ್ಯಾರೇಜಿನ ಬಾಗಿಲು ಹಾಕಿ, ಗ್ರೀಸು ಮೆತ್ತಿದ ಕೈಯಲ್ಲೇ ಚಪ್ಪಾಳೆ ತಟ್ಟುತ್ತ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಗ್ಯಾರೇಜಿನ ಹಿಂದೆ ಹಗ್ಗ ಕಟ್ಟಿ ಬೆಳಿಗ್ಗೆ ಸಂಜೆ ಅವನನ್ನು ಆಡಿಸುತ್ತಿದ್ದರು. ನಮಗೆ ಆಗ ಹೊಳೆಯದಿದ್ದ ಸಂಗತಿಯೆಂದರೆ, ಊರಿನ ಆಟಗಾರರೆಲ್ಲ ಒಂದೇ ಮನಸ್ಸಿನಿಂದ ಸೋಲನ್ನು ಅಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ ಆಟವನ್ನು ಅಭ್ಯಾಸ ಮಾಡುತ್ತಿದ್ದವನು ಅನ್ವರ್ ಒಬ್ಬನೇ.

ಫೈನಲಿನ ದಿನ ಬಂತು. ಅಧಿಕಾರಿಗಳು ಹಾರ ಹಾಕಿಸಿಕೊಂಡು ಕಣಕ್ಕೆ ಇಳಿದು, ನಮ್ಮಿಬ್ಬರನ್ನೂ ದಿಟ್ಟಿಸಿ ನೋಡಿ, ಯಾವ ಆಧಾರದ ಮೇಲೋ ನನ್ನ ಕೈ ಕುಲುಕಿ "ಹೌ ಡು ಯು ಲೈಕ್ ಇಂಡಿಯಾ?" ಎಂದರು. ತುಂಬಾ ಇಷ್ಟವಾಗಿದೆ ಎಂದೆ. ಅಂಗಡಿಯನ್ನು ಎಂದೂ ಹಗಲು ಮುಚ್ಚದ ಅಪ್ಪಯ್ಯ ಅವತ್ತು ಮುಚ್ಚಿ ಬಂದು, ಇಸ್ಮಾಯಿಲ್ ಸಾಬರ ಪಕ್ಕದಲ್ಲೇ ಕೂತಿದ್ದರು. ಟಾಸಿಗೆಂದು ನೆಟ್ಟಿನ ಹತ್ತಿರ ನಿಂತಾಗ ಅನ್ವರ್ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: "ಶಿವೂ, ಎಲ್ರೂ ಬೇಕಂತಲೇ ಸೋತ್ರು. ನಂಗೆ ಗೊತ್ತುಂಟು. ಮಾಮಾಗೆ ಗೊತ್ತಿಲ್ಲ. ನೀನಾದ್ರೂ ಸರಿಯಾಗಿ ಆಡು ಮಾರಾಯ. ಸೋತ್ರೂ ಅಡ್ಡಿಲ್ಲ."

ಅವನ ಮುಖ ನೋಡಿ ಕರುಳು ಚುರುಕ್ಕೆಂದಿತು. ಆಮೇಲೆ, ಚಿಂತೆ ಬೇಡ ಮಗನೇ, ನಾನು ಆಡುವುದು ಹೇಗೂ ಸರಿಯಾಗಿಯೇ, ಎಂದುಕೊಂಡೆ.

ಮೊದಲ ಗೇಮನ್ನು ಲೀಲಾಜಾಲವಾಗಿ ಗೆದ್ದೆ. ಅಪ್ಪಯ್ಯ ಮೀಸೆ ಮುಟ್ಟಿಕೊಂಡದ್ದು ಕಂಡಿತು. ಎರಡನೆಯದರಲ್ಲಿ ಮುಂದಿದ್ದವನು, ಮುಗಿಸಿಬಿಡೋಣವೆಂದು ಸುಲಭದ ಹೊಡೆತವೊಂದಕ್ಕೆ ಕೈ ಎತ್ತಿದೆ. ಶಟಲ್ಲು ನೆಟ್ಟಿನ ಮೇಲಂಚಿಗೆ ತಾಗಿ ಈಚೆಗೇ ಬಿತ್ತು. ನನ್ನ ಬಾಯಿಂದ ಹದವಾದ, ತೀರಾ ದೊಡ್ಡದಲ್ಲದ ಒಂದು 'ಛೇ' ಹೊರಟಿತು. ಅಷ್ಟು ದಿನ ಶಿಷ್ಯರಿಗೆ ಮಾಡಿ ತೋರಿಸಿದ ಪಾಠಗಳನ್ನೆಲ್ಲ ನನ್ನ ಕೈ ನನಗಿಂತ ಶ್ರದ್ಧೆಯಿಂದ ಕಲಿತುಬಿಟ್ಟಿತ್ತು! ಬೇಡ ಬೇಡವೆಂದಷ್ಟೂ ಅದು ನೆಟ್ಟಿಗೇ ಹೊಡೆಯಿತು, ಗೆರೆಯ ಹೊರಗೇ ಹೊಡೆಯಿತು. ಅತ್ತ ಅನ್ವರನೋ, ಕಣ್ಣು ಕೀಲಿಸಿ, ಬಂದುದನ್ನೆಲ್ಲ ಹೆಕ್ಕಿ ಹೆಕ್ಕಿ ವಾಪಸು ಕಳಿಸುತ್ತಿದ್ದ. ಮೂರನೆಯ ಗೇಮಿನಲ್ಲಿ ನಾನು ಪ್ರಾಣ ಪಣಕ್ಕಿಟ್ಟು ಓಡಿದೆ, ಬೆವರಿದೆ, ಮನೆದೇವರಿಗೆ ಹರಕೆ ಹೊತ್ತೆ. ಅವತ್ತು ನೋಡಿದರೆ ಒಂದೆಲೆ ಅಲುಗುವಷ್ಟೂ ಗಾಳಿಯಿಲ್ಲ. ಕೊನೆಯ ಶಟಲ್ಲು ನನ್ನ ರಾಕೆಟ್ಟಿನ ಕೆಳಗೆ ನುಗ್ಗಿ, ಗೆರೆಯೊಳಗೆ ಟಪ್ಪೆಂದು ಬಿತ್ತು. ಸೋತೆ.

ನಾನು ರಾಕೆಟ್ಟು ಕೆಳಗಿಟ್ಟು ಕೂರುವಷ್ಟರಲ್ಲಿ ಜನ ಓಡಿ ಬಂದು ನನ್ನ ಬೆನ್ನು ತಟ್ಟತೊಡಗಿದರು. ಗೌಡರ ಕಣ್ಣು ತುಂಬಿತ್ತು. "ಎಂಥಾ ದೊಡ್ಡ ಮನಸ್ಸೋ ನಿಂದು! ನಾನು ಹೇಳದಿದ್ರೂ ಬಿಟ್ಟುಕೊಟ್ಯಲ್ಲ! ಅದೂ ಏನು ಚಂದ ಸೋತೆ ಮಾರಾಯ, ಒಂಚೂರೂ ಗೊತ್ತಾಗ್ಲಿಲ್ಲ," ಎಂದು ಪಿಸುಗುಟ್ಟಿದರು. ಮೈಕಿನಲ್ಲಿ ಮಾತಾಡಿ ರೂಢಿಯಾದ ಗಂಟಲಾದ್ದರಿಂದ ಪಿಸುಮಾತು ಹಿಂದಿನ ಸಾಲಿಗೂ ಕೇಳಿತು. ಅಪ್ಪಯ್ಯ ಬಂದು ಹೆಗಲ ಮೇಲೆ ಕೈಯಿಟ್ಟರು. "ಬೇಕಂತಲೇ ಸೋತ್ಯೇನೋ? ಬಿಡು, ಅದು ಗೆದ್ದ ಲೆಕ್ಕಾನೇ. ಚಿಕ್ಕಮಗಳೂರಿಗೆ ಹೋಗು, ನನ್ನದೇನೂ ತಕರಾರಿಲ್ಲ."

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಕಾಲೇಜು, ತಂಡ, ಮೇಲಿಂದ ತ್ಯಾಗಮೂರ್ತಿ ಎಂಬ ಹೆಸರು, ಎಲ್ಲ ಪುಕ್ಕಟೆಯಾಗಿ ನನ್ನದಾಗುತ್ತಿತ್ತು. ತಲೆ ಆಡಿಸಲೂ ಹೊರಟೆ. ಅಷ್ಟರಲ್ಲಿ ಗೌಡರ ಬೆನ್ನ ಹಿಂದೆ ನಿಂತಿದ್ದ ಇಸ್ಮಾಯಿಲ್ ಸಾಬರು ಕಂಡರು. ಅವರ ಎರಡು ಕೈಗಳೂ ಚಪ್ಪಾಳೆಯ ನಡುವೆಯೇ ನಿಂತುಹೋಗಿದ್ದವು. ಪಕ್ಕದಲ್ಲಿ ಅನ್ವರ್ ಮಾಮನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿದ್ದ.

"ಇಲ್ಲ ಅಪ್ಪಯ್ಯ. ನಿಜವಾಗ್ಲೂ ಸೋತೆ," ಎಂದೆ.

"ಎಂಥಾ ವಿನಯ!" ಎಂದರು ಗೌಡರು. ಸುತ್ತಲಿದ್ದವರೂ ಹೌದು ಹೌದೆಂದರು. ನಾನು ಇಲ್ಲವೆಂದಷ್ಟೂ ನನ್ನ ಗುಣಗಾನ ಏರುತ್ತ ಹೋಯಿತು. ಪಿತ್ತ ನೆತ್ತಿಗೇರಿತು ನೋಡಿ! ಸೋತವನಿಗೆ ಸೋತೆನೆಂದು ಹೇಳಿಕೊಳ್ಳುವ ಹಕ್ಕೂ ಇಲ್ಲವೇ? ಗೌಡರ ಕೈಯಿಂದ ಮೈಕನ್ನು ಕಿತ್ತುಕೊಂಡು, ಕೂಲಿಯಾಳುಗಳ ಲೈನುಮನೆಗಳವರೆಗೆ ಕೇಳುವಂತೆ ಅರಚಿದೆ: "ನಾನು ಬಿಟ್ಟುಕೊಟ್ಟಿಲ್ಲ! ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಆಡಿದೆ! ಮನೆದೇವ್ರಿಗೆ ಹರಕೆನೂ ಹೊತ್ತಿದ್ದೆ! ಆದ್ರೂ ಸೋತೆ! ಅನ್ವರ್ ನನಗಿಂತ ಚೆನ್ನಾಗಿ ಆಡ್ದ, ಗೆದ್ದ!"

ಮರುಕ್ಷಣ ಅನ್ವರ್ ಹೋ ಎಂದು ಕೂಗಿ ರಾಕೆಟ್ಟನ್ನು ಆಕಾಶಕ್ಕೆ ಎಸೆದ. ಅದು ಕಣದಂಚಿನ ಸಿಲ್ವರ್ ಓಕ್ ಮರದ ಕೊಂಬೆಗೆ ಸಿಕ್ಕಿಕೊಂಡಿತು. ಇಸ್ಮಾಯಿಲ್ ಸಾಬರು ಅವನನ್ನು ಎತ್ತಿಕೊಂಡು ಕುಣಿದರು. ನಾನು ಮಾತ್ರ ಮೈಕು ಕೆಳಗಿಟ್ಟು, ಅಪ್ಪಯ್ಯನ ಮುಂದೆ ಹೋಗಿ ನಿಂತೆ. ಮೀಟರ್ ಕೋಲು ಯಾವತ್ತಿನಿಂದ ಹಿಡಿಯಬೇಕೆಂದು ಕೇಳಿದೆ.

ಅಪ್ಪಯ್ಯ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡು ಹೇಳಿದರು: "ಯಾರೂ ಕೇಳದಿದ್ರೂ ಮೈಕ್ ಹಿಡ್ಕೊಂಡು ನಿಜ ಒದರ್ತೀಯಲ್ಲೋ! ನಿನ್ನ ತಂದು ಗಲ್ಲಾದಲ್ಲಿ ಕೂರಿಸಿದ್ರೆ, ಈ ಸೀರೆ ಬಣ್ಣ ಹೋಗುತ್ತಾ ಅಂತ ಕೇಳಿದೋರಿಗೆಲ್ಲ ಹೋಗುತ್ತೆ ಅಂತೀಯ. ಬೇಡ ಮಾರಾಯ, ನೀನು ಚಿಕ್ಕಮಗಳೂರಿಗೇ ಹೋಗು."