ಹಮೀದನ ಗಂಟು

ನಾನು ರಜೆಗೆ ಊರಿಗೆ ಹೊರಟದ್ದು ತಿಳಿದು, ಮೊನ್ನೆ ಅಲ್ ಬರ್ಷಾದ ನಮ್ಮ ಫ್ಲ್ಯಾಟಿಗೆ ಪಕ್ಕದ ಮನೆಯವರು ಒಂದು ಪೆಟ್ಟಿಗೆ ತಂದಿಟ್ಟರು. ಊರಿಗೆ ಹೊರಟವನ ಕೈಯಲ್ಲಿ ಉಳಿದವರೆಲ್ಲ ಪಾರ್ಸೆಲ್ ಕಳಿಸುವುದು ಗಲ್ಫಿನ ಧರ್ಮ. ಒಲ್ಲೆ ಎಂದವನಿಗೆ ಮೋಕ್ಷವಿಲ್ಲ. ಪೆಟ್ಟಿಗೆಗೆ ಸುತ್ತಿದ್ದ ನೀಲಿ ನೈಲಾನ್ ಹಗ್ಗದ ವಾಸನೆ ಮೂಗಿಗೆ ಬಡಿದದ್ದೇ, ನನಗೆ ಹಮೀದ್ ನೆನಪಾದ.

ಮದುವೆಗೆ ಮುಂಚೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದೇ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ನಾನು ಧಾರವಾಡದ ಇಂಜಿನಿಯರ್, ಎಲ್ಲ ಬಲ್ಲವನು. ಅವನು ಉಳ್ಳಾಲದ ಕಡೆಯ ಬ್ಯಾರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಬಂದರಿನಲ್ಲಿ ಮೀನಿನ ಪೆಟ್ಟಿಗೆ ಕಟ್ಟಿ, ಆಮೇಲೆ ಇಲ್ಲಿ ಹಾರ್ಡ್‌ವೇರ್ ಅಂಗಡಿ ಸೇರಿದವನು.

ಆ ವರ್ಷ ಟಿವಿ ಹಾಕಿದರೆ ಸಾಕು, ಯಾವುದೋ ದೇಶದಲ್ಲಿ ಬಾಂಬು. ನಮ್ಮ ಕನ್ನಡಿಗರ ಕೂಟದವರು ‘ಭಯೋತ್ಪಾದನೆಗೆ ಕಾರಣವೇನು?’ ಎಂದು ಭಾಷಣ ಸ್ಪರ್ಧೆಯನ್ನೇ ಇಟ್ಟುಬಿಟ್ಟರು. ನಾನು ಕನ್ನಡಿಯ ಮುಂದೆ ನಿಂತು ದೇಶದೇಶಗಳ ಬಡತನ, ನಿರುದ್ಯೋಗಗಳನ್ನೆಲ್ಲ ಜಾಲಾಡಿದೆ. ಹಮೀದ್ ಮೀನು ಹುರಿಯುತ್ತಾ ಕೇಳಿಸಿಕೊಂಡ.

“ಬಡವರೆಲ್ಲ ಬಾಂಬ್ ಇಡುದಾದ್ರೆ ನಮ್ಮ ಊರೇ ಉಳೀತಿರ್ಲಿಲ್ಲ ಸರ್. ಹಸಿವನ್ನು ಮನುಷ್ಯ ತಡ್ಕೊಳ್ತಾನೆ. ತಪ್ಪು ಮಾಡದವನನ್ನು ಕಳ್ಳನ ಹಾಗೆ ನೋಡ್ತಾರಲ್ಲ, ಅದನ್ನು ತಡ್ಕೊಳ್ಳುದು ಕಷ್ಟ. ಅಂಥವನನ್ನೇ ಹುಡುಕಿ ಬಾಂಬ್ ಕೈಗೆ ಕೊಡುವ ಜನ ಇರ್ತಾರೆ.”

ಆ ಮಾತನ್ನು ಹಾಗೇ ಎತ್ತಿ, ನನ್ನದೆಂದು ಭಾಷಣಕ್ಕೆ ಸೇರಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಮೊದಲ ಬಹುಮಾನ, ಒಂದು ಚಹಾ ಫ್ಲಾಸ್ಕು.

ಮರುವಾರವೇ ನಾನು ಊರಿಗೆ ಹೊರಟೆ. ಹಮೀದ್ ತನ್ನ ಮನೆಗೆ ಮುಟ್ಟಿಸಲು ಇಂಥದೇ ನೀಲಿ ಹಗ್ಗ ಬಿಗಿದ ಪೆಟ್ಟಿಗೆ ಕೊಟ್ಟ. ಅಂದೇ ಟಿವಿಯಲ್ಲಿ ಮತ್ತೊಂದು ಸ್ಫೋಟ. ನನ್ನ ತಲೆಗೆ ಹುಳ ಹೊಕ್ಕಿತು. ಅವನು ಜುಮಾ ನಮಾಜಿಗೆ ಹೋದದ್ದೇ ತಡ, ಈ ಬಹುಮಾನಿತ ಭಾಷಣಕಾರರು ನೆಲದ ಮೇಲೆ ಕೂತು ಗಂಟು ಬಿಚ್ಚಿದರು. ಒಳಗೆ ಎರಡು ಫ್ರಾಕು, ಹಾಲಿನ ಪುಡಿ, ತಾಯಿಯ ಮಂಡಿನೋವಿಗೆ ಮುಲಾಮು. ಎಲ್ಲ ಮೊದಲಿನಂತೆ ತುಂಬಿ, ಬೂಟಿನ ಲೇಸು ಕಟ್ಟುವ ಹಾಗೆ ಗಂಟು ಹಾಕಿದೆ. ನನಗೆ ಬರುತ್ತಿದ್ದದ್ದು ಅದೊಂದೇ.

ಹಮೀದ್ ಬಂದವನು ಪೆಟ್ಟಿಗೆಯ ಗಂಟನ್ನೇ ನೋಡುತ್ತಾ ನಿಂತ.

“ಹಗ್ಗ ಸಡ್ಲ ಆಗಿತ್ತಪಾ, ಬಿಗಿ ಮಾಡೀನಿ,” ಎಂದೆ.

ಅವನು ಬಯ್ಯಲಿಲ್ಲ. ನನ್ನ ಗಂಟನ್ನು ಬಿಚ್ಚಿ ಪಕ್ಕದಲ್ಲಿ ಕೂತ. “ಇದು ವಿಮಾನದಲ್ಲಿ ನಿಲ್ಲುದಿಲ್ಲ ಸರ್. ಹಗ್ಗ ಹಿಡೀರಿ, ಕಲಿಸ್ತೇನೆ.” ಅವನು ತೋರಿಸಿದಂತೆ ನಾನು ಸುತ್ತಿ ಎಳೆದೆ. ನಾಚಿಕೆಯಿಂದ ನಾನು ಕುಗ್ಗಿಹೋದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಭಾಷಣಕ್ಕೆ ಮಾತ್ರ ತೆರೆಯುವ ಬಾಯಿ ಅದು. ಪೆಟ್ಟಿಗೆಯನ್ನು ಅವನ ಮನೆಗೆ ಮುಟ್ಟಿಸಿ, ರಜೆ ಮುಗಿಸಿ ಬರುವಷ್ಟರಲ್ಲಿ ಅವನು ಬೇರೆ ಕೋಣೆ ಹಿಡಿದಿದ್ದ.

“ಪಕ್ಕದ ಮನಿಯವ್ರ ಪೆಟ್ಟಿಗ್ಯಾಗ ಏನೈತಿ?” ಮೊನ್ನೆ ಹೆಂಡತಿ ಕೇಳಿದಳು.

“ಅವರನ್ನ ಕೇಳೀನಿ. ಖರ್ಜೂರ ಅಂದ್ರು.”

“ಬಿಚ್ಚಿ ನೋಡಿದ್ರಿ?”

“ಇಲ್ಲ.”

ಹಮೀದ್ ಈಗ ಊರಲ್ಲೇ ಇದ್ದಾನಂತೆ. ಅವನ ಮನೆಯ ದಾರಿ ನನಗೆ ಗೊತ್ತು. ಟಿಕೆಟನ್ನು ಮಂಗಳೂರಿಗೇ ಮಾಡಿಸಿ, ಕಪಾಟಿನಲ್ಲಿದ್ದ ಆ ಫ್ಲಾಸ್ಕನ್ನು ಸಣ್ಣ ಪೆಟ್ಟಿಗೆಗೆ ಹಾಕಿ, ಅವನು ಕಲಿಸಿದ ಗಂಟನ್ನೇ ಹಾಕಿದೆ. ಬಹುಮಾನ ಬಂದದ್ದು ಅವನ ಮಾತಿಗೆ. ಬಿಚ್ಚುವವನೂ ಅವನೇ ಆಗಲಿ.