ತಟ್ಟೆಗಿಟ್ಟ ಕರಿ ಬೆಲ್ಲ

ಕೃಷಿ ಪದವಿಯ ಕೊನೆಯ ವರ್ಷ ಒಂದು ಸೆಮಿಸ್ಟರ್ ಪೂರ್ತಿ ರೈತರ ಮನೆಯಲ್ಲಿದ್ದು ಕೆಲಸ ಕಲಿಯಬೇಕಿತ್ತು. ನನ್ನ ಗೆಳತಿಯರಿಗೆಲ್ಲ ಹೂವಿನ ತೋಟ, ಅಣಬೆ ಘಟಕ ಅಂತ ಫೋಟೋಕ್ಕೆ ಒಪ್ಪುವ ಜಾಗಗಳೇ ಸಿಕ್ಕವು. ನನಗೆ ಸಿಕ್ಕಿದ್ದು ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರ ಒಂದು ಸಾವಯವ ತೋಟ, ಅದರ ಮೂಲೆಯಲ್ಲಿ ಹೊಗೆಯಾಡುತ್ತಿದ್ದ ಒಂದು ಆಲೆಮನೆ. ಬಸ್ಸಿಳಿದು ಕಬ್ಬಿನ ಗದ್ದೆಗಳ ನಡುವೆ ಬ್ಯಾಗು ಎಳೆದುಕೊಂಡು ಹೋಗುವಾಗಲೇ ನನ್ನ ಮುಖ ಊದಿತ್ತು. ನಾನು ದಾವಣಗೆರೆಯ ಪೇಟೆಯಲ್ಲಿ ಬೆಳೆದವಳು. ಬೆಲ್ಲ ಅಂದರೆ ಅಂಗಡಿಯಲ್ಲಿ ಸಿಗುವ ಹಳದಿ ಪದಾರ್ಥ ಅನ್ನುವುದಷ್ಟೇ ನನಗೆ ಗೊತ್ತಿತ್ತು.

ತೋಟ ನಡೆಸುತ್ತಿದ್ದ ಗಂಡ ಹೆಂಡತಿಯನ್ನು ನಾನು ಅಣ್ಣ, ಅಕ್ಕ ಎಂದೇ ಕರೆಯುತ್ತಿದ್ದೆ. ಗದ್ದೆ, ದನ, ಗೊಬ್ಬರ ಅಣ್ಣನ ಪಾಲು. ಆಲೆಮನೆ ಅಕ್ಕನದು. ಅಣ್ಣನಿಗೆ ಮಾತು ಕಮ್ಮಿ, ಅವರ ಪಾಲಿನದನ್ನೂ ಅಕ್ಕನೇ ಆಡಿ ಮುಗಿಸುತ್ತಿದ್ದರು. ಮೊದಲ ದಿನ ನನ್ನ ಬಿಳಿ ಶೂ ನೋಡಿ, “ಇದೇನಮ್ಮ, ಮದ್ವೆಗ್ ಬಂದಿದ್ದೀಯಾ?” ಅಂದರು. ನಾನೂ ಸುಮ್ಮನಿರುವವಳಲ್ಲ. “ಊಟ ಹಾಕಿದ್ರೆ ಮದ್ವೆನೇ ಅಕ್ಕ” ಅಂದೆ. ಅವರು ನಕ್ಕು ಮುದ್ದೆ ಬಡಿಸಿದರು. ಆಮೇಲೆ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಆಲೆಮನೆಯಲ್ಲಿ ನನ್ನ ಕೆಲಸ ಬೆಂಡೆ ಗಿಡದ ಕಾಂಡಗಳನ್ನು ಜಜ್ಜಿ ನೀರಲ್ಲಿ ನೆನೆಹಾಕುವುದು. ಆ ಲೋಳೆಯನ್ನು ಕುದಿಯುವ ಕಬ್ಬಿನ ಹಾಲಿಗೆ ಸುರಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಚೆಲ್ಲಬೇಕು. ಸುತ್ತಲಿನ ಆಲೆಮನೆಗಳಲ್ಲಿ ಒಂದು ರಾಸಾಯನಿಕ ಬಿಳಿ ಪುಡಿ ಹಾಕುತ್ತಾರೆ, ಬೆಲ್ಲ ಹಳದಿಯಾಗಿ ಹೊಳೆಯುತ್ತದೆ, ಮಂಡಿಯಲ್ಲಿ ಜನ ಅದನ್ನೇ ಕೇಳುತ್ತಾರೆ. ಅಕ್ಕ ಆ ಪುಡಿಯನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಅವರ ಬೆಲ್ಲ ಕಪ್ಪಿಗೆ ಹತ್ತಿರದ ಕಂದು. ಮೈಸೂರಿನ ಕೆಲವು ಅಂಗಡಿಗಳವರು ಅದನ್ನು ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು. ಊರಲ್ಲಿ ಮಾತ್ರ ಅದಕ್ಕೆ ‘ದನಕ್ಕಾಕೋ ಬೆಲ್ಲ’ ಅಂತಲೇ ಹೆಸರು, ಯಾಕೆಂದರೆ ಆ ಕಡೆ ಕಪ್ಪಾದ ಬೆಲ್ಲ ದನದ ಬೂಸಕ್ಕೆ ಕಲೆಸುವಂಥದ್ದು. ಯಾರಾದರೂ ಹಾಗೆ ಅಂದಾಗ ಅಕ್ಕ ಜೋರಾಗಿ ನಗುತ್ತಿದ್ದರು. ನಾನು ಆ ನಗುವನ್ನು ನಂಬಿಬಿಟ್ಟಿದ್ದೆ.

ಅಷ್ಟರಲ್ಲಿ ಅವರ ಮಗಳಿಗೆ ಗಂಡು ಗೊತ್ತಾಯಿತು. ಮಗಳು ಮಂಡ್ಯದಲ್ಲಿ ನರ್ಸು. ಹುಡುಗ ಕಿರುಗಾವಲಿನವನು, ಸೋಮನಹಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಅವರದೂ ಆಲೆಮನೆ ಇರುವ ಮನೆತನ. ವೀಳ್ಯದ ಶಾಸ್ತ್ರಕ್ಕೆ ಗಂಡಿನ ಕಡೆಯವರು ಬಂದಾಗ ಹೆಣ್ಣಿನ ಮನೆಯವರು ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣಿನ ಜೊತೆ ಅಚ್ಚು ಬೆಲ್ಲ ಜೋಡಿಸಿದ ತಟ್ಟೆಯನ್ನು ಎಲ್ಲರ ಮುಂದೆ ಕೊಡಬೇಕು. ಬೆಲ್ಲದ ಸೀಮೆಯಲ್ಲಿ ಆ ತಟ್ಟೆಯ ಬೆಲ್ಲವನ್ನು ನೋಡದೆ ಬಿಡುವವರು ಯಾರೂ ಇಲ್ಲ.

ಮನೆಗೆ ಮೊದಲು ಬಂದದ್ದು ಅಣ್ಣನ ಒಡಹುಟ್ಟಿದ ಅಕ್ಕ, ಮಳವಳ್ಳಿಗೆ ಕೊಟ್ಟಿದ್ದವರು. ಅಕ್ಕನಿಗೆ ಅವರು ಅತ್ತಿಗೆ, ನಾನೂ ಹಾಗೇ ಕರೆದೆ. ಚೀಲ ಇಳಿಸುವ ಮೊದಲೇ ಶುರುಮಾಡಿದರು.

“ಲೇ, ತಟ್ಟೆಗೆ ನಿನ್ ಕರಿ ಬೆಲ್ಲ ಇಟ್ಗಿಟ್ಟೀಯ. ಆಲೆಮನೆ ಬೀಗ್ರು ಕಣೆ ಅವ್ರು. ದನಕ್ಕಾಕೋದ್ ಕೊಟ್ಟವ್ರೆ ಅಂತ ನಾಳೆ ಎಣ್ಣಿನ್ ಮುಂದೆ ಆಡ್ಕಂಡ್ರೆ ಅವ್ಳ್ ಎಂಗ್ ಬಾಳ್ತಾಳೆ?”

ಅಕ್ಕ ಅವರ ಚೀಲ ಎತ್ತಿಕೊಂಡು ಒಳಗೆ ನಡೆದರು. ಆ ಮಾತಿಗೆ ಅವರು ನಗದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅತ್ತಿಗೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಆದರೆ ಆಕೆ ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಕರಿ ಬೆಲ್ಲ ಇಟ್ಟರೆ ಮಗಳು ಗಂಡನ ಮನೆಯಲ್ಲಿ ಚುಚ್ಚು ಮಾತು ಕೇಳಬೇಕಾದೀತು. ಹಳದಿ ಬೆಲ್ಲ ಇಟ್ಟರೆ, ಇಷ್ಟು ವರ್ಷ ಊರು ಅಂದದ್ದಕ್ಕೆ ಅಕ್ಕನೇ ಹೌದು ಅಂದ ಹಾಗೆ. ಮಗಳನ್ನು ಕೇಳಿದರೆ, “ಯಾವ್ದಾರ ಇಡವ್ವ, ನಂಗ್ ಡ್ಯೂಟಿಗೆ ಒತ್ತಾಯ್ತು” ಅಂತ ಬಸ್ಸಿಗೆ ಓಡಿದಳು.

ಅಕ್ಕ ಮೂರನೆಯ ದಾರಿಯೊಂದನ್ನು ಹುಡುಕಿದರು. ಪುಡಿ ಹಾಕದೆಯೇ ಒಂದು ಕೊಪ್ಪರಿಗೆ ತಿಳಿ ಬಣ್ಣದ ಬೆಲ್ಲ ತೆಗೆಯುವುದು. ಅವತ್ತು ಚೆನ್ನಾಗಿ ಬಲಿತ ಕಬ್ಬನ್ನೇ ಆರಿಸಿ ಕಡಿಸಿದರು. ನನ್ನ ಕೈಯಲ್ಲಿ ಬೆಂಡೆ ಕಾಂಡ ಜಜ್ಜಿಸಿ ಜಜ್ಜಿಸಿ ರಟ್ಟೆ ಬೀಳಿಸಿದರು. ನೊರೆಯನ್ನು ತಾವೇ ನಿಂತು ತೆಗೆದರು. ಬೆಲ್ಲ ಕಾಯುತ್ತ ಹೋದ ಹಾಗೆ ಬಣ್ಣ ಏರುತ್ತದೆ, ಹಾಗಾಗಿ ಬೇಗ ಇಳಿಸಿದಷ್ಟೂ ತಿಳಿ. ಅಣ್ಣ ಒಲೆಯ ಬಾಯಿಗೆ ಒಣ ಸಿಪ್ಪೆ ತಳ್ಳುತ್ತ, “ಪಾಕ ಇನ್ನೂ ಬಂದಿಲ್ಲ ಕಣೆ” ಅಂದರು.

“ನಂಗೊತ್ತು. ಇಳಿಸಿ,” ಅಂದರು ಅಕ್ಕ.

ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುವ ಆ ಕೈ ಯಾವತ್ತೂ ತಪ್ಪಿದ್ದಲ್ಲ. ಅವತ್ತು ಅವರು ನೀರಿನ ಬಟ್ಟಲನ್ನು ಮುಟ್ಟಲೇ ಇಲ್ಲ, ಬರೀ ಬಣ್ಣ ನೋಡಿದರು. ಬಣ್ಣವೇನೋ ಚೆನ್ನಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಅಚ್ಚಿನ ಮಣೆ ಮಗುಚಿದರೆ ಬೆಲ್ಲ ಗಟ್ಟಿಯೇ ಆಗಿರಲಿಲ್ಲ, ಹಲ್ವಾದ ಹಾಗೆ ಜಾರಿ ಚಾಪೆಯ ಮೇಲೆ ಬಿತ್ತು. ನನಗೆ ಫಕ್ಕನೆ ನಗು ಬಂತು. ತಿರುಗಿ ನೋಡಿದರೆ ಅಕ್ಕ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಬಾಯಿ ಮುಚ್ಚಿಕೊಂಡು ಚಾಪೆ ತೊಳೆಯಲು ಹೋದೆ.

ಇನ್ನೊಂದು ಕೊಪ್ಪರಿಗೆಗೆ ಸಮಯವಿರಲಿಲ್ಲ. ಅತ್ತಿಗೆ ಯಾರನ್ನೂ ಕೇಳದೆ ಪೇಟೆಯಿಂದ ಹಳದಿ ಅಚ್ಚು ತರಿಸಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಪಾಪ, ಆಕೆಗೂ ಹುಡುಗಿಯ ಚಿಂತೆಯೇ.

ಶಾಸ್ತ್ರದ ದಿನ ತಟ್ಟೆ ಜೋಡಿಸಲು ಅಕ್ಕ ಒಬ್ಬರೇ ಒಳಗೆ ಹೋದರು. ಹೊರಗೆ ತಂದಾಗ ಎಲೆ ಅಡಿಕೆಯ ಪಕ್ಕದಲ್ಲಿ ಇದ್ದದ್ದು ಹಿಂದಿನ ವಾರದ ಅವರದೇ ಬೆಲ್ಲ. ಅಚ್ಚ ಹಸಿರು ಎಲೆಯ ಪಕ್ಕ ಅದು ಇನ್ನೂ ಕಪ್ಪಗೆ ಕಂಡಿತು. ಅತ್ತಿಗೆ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಉಗುರು ನಾಟಿತು.

ಗಂಡಿನ ಕಡೆಯ ಹಿರಿಯರೊಬ್ಬರು ಬಗ್ಗಿ ನೋಡಿ, ತಮಾಷೆಗೋ ನಿಜಕ್ಕೋ, “ಇದೇನವ್ವ, ದನಕ್ಕಾಕೋ ಬೆಲ್ಲ ಮಡಗಿದ್ದೀರಿ?” ಅಂದರು.

ಅಣ್ಣ ಎದ್ದು ನಿಂತರು. ಅಕ್ಕ ತಟ್ಟೆ ಇಳಿಸಲಿಲ್ಲ.

“ಊಂ ಕಣಣ್ಣ. ನಮ್ ದನಕ್ಕೂ ಇದೇ, ನಮ್ ಮಗ್ಳಿಗೂ ಇದೇ. ಈ ಮನೇಲಿ ಎಲ್ಡ್ ತರದ್ ಬೆಲ್ಲ ಇಲ್ಲ.”

ಒಳಗೆ ಕಟ್ಟೆಯ ಮೇಲೆ ಹಳದಿ ಬೆಲ್ಲ ಇದ್ದದ್ದು ನನಗೂ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು. ಇಬ್ಬರೂ ನೆಲ ನೋಡುತ್ತ ನಿಂತೆವು.

ಹುಡುಗನ ತಾಯಿ ಚಾಪೆಯಿಂದ ಎದ್ದು ಬಂದರು. ದಪ್ಪ ಕನ್ನಡಕದ ಹೆಂಗಸು. ಒಂದು ಅಚ್ಚು ಎತ್ತಿಕೊಂಡು, ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡರು. ಆಮೇಲೆ ಬರೀ ಅಕ್ಕನಿಗೆ ಎಂಬಂತೆ ಮೆಲ್ಲಗೆ ಹೇಳಿದರು: “ಮನೇಲ್ ತಿನ್ನಾಕೆ ನಾವೂ ಇಂತದ್ನೇ ಎತ್ತಿಟ್ಕತೀವಿ ಕಣವ್ವ. ಪುಡಿ ಆಕಿದ್ದು ಮಂಡಿಗೆ. ಜನದ್ ಮುಂದೆ ಇಡಾಕೆ ನಂಗ್ ಧೈರ್ಯ ಬರ್ನಿಲ್ಲ. ನೀನ್ ಇಟ್ಬುಟ್ಟೆ.”

ಶಾಸ್ತ್ರ ಮುಂದುವರಿಯಿತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅಕ್ಕ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಆಲೆಮನೆಯ ತಣ್ಣಗಿನ ಒಲೆಯ ಪಕ್ಕ, ರೇಷ್ಮೆ ಸೀರೆಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನನಗೆ ಗಾಬರಿಯಾಯಿತು. ಎಲ್ಲ ಚೆನ್ನಾಗೇ ಆಯಿತಲ್ಲ, ಈಗ ಯಾಕೆ ಅಳು ಅಂತ ಪಕ್ಕದಲ್ಲಿ ಕೂತು ಕೇಳಿದೆ.

“ಏನಿಲ್ಲ ಬುಡು,” ಅಂದರು ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತ. “ಇಷ್ಟ್ ವರ್ಸ ನಾನೊಬ್ಳೇ ಅಂದ್ಕಂಡಿದ್ದೆ ಕಣಮ್ಮ.”