ಬಳೆಗಾರ ಚಾಚಿಯ ಎಡಗೈ

ಮೊನ್ನೆ ಕೈ ತೊಳೆಯುವಾಗ ಸೋಪಿನ ನೊರೆಯಲ್ಲಿ ನನ್ನ ಬಳೆಗಳು ತಾವಾಗಿಯೇ ಜಾರಿ ಹೆಬ್ಬೆರಳ ಬುಡಕ್ಕೆ ಬಂದವು. ಯಾರೋ ಮೆಲ್ಲಗೆ ಎಳೆದ ಹಾಗೆ... ಬಳೆಗಾರ ಚಾಚಿ ನೆನಪಾದಳು.

ನಾನು ಚಿಕ್ಕವಳಿದ್ದಾಗಿನಿಂದ ಮೂಡಲಗಿಯ ನಮ್ಮ ಓಣಿಗೆ ಗೋಕಾಕದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಎಡಗೈಯಿಂದ ನಮ್ಮ ಕೈ ಹಿಸುಕಿ ಮೆತ್ತಗೆ ಮಾಡಿ, ಬಲಗೈಯಿಂದ ಬಳೆ ಏರಿಸುವಳು, ನೋವೆನ್ನುವುದರೊಳಗೆ ಮುಗಿದಿರುತ್ತಿತ್ತು. ಆದರೆ ಅವಳಿಗೆ ಮೂರ್ಛೆರೋಗ. ಒಮ್ಮೆ ನಮ್ಮ ಕಟ್ಟೆಯಲ್ಲೇ ಬಳೆಗಳ ಮೇಲೆ ಬಿದ್ದು ಮುಖವೆಲ್ಲ ಕೊಯ್ದುಕೊಂಡಳು. ಯಾವ ಮಾತ್ರೆಯೂ ನಾಟಲಿಲ್ಲ. ಕೊನೆಗೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮಿದುಳಿನ ಎರಡು ಭಾಗಗಳನ್ನು ಕೂಡಿಸುವ ನರಗಳ ಕಟ್ಟನ್ನೇ ಕತ್ತರಿಸಿದರು.

ಬೀಳುವುದು ನಿಂತಿತು. ಚಾಚಿ ಮತ್ತೆ ಬಂದಳು, ಮೊದಲಿನಂತೆಯೇ ನಕ್ಕಳು, ಚೌಕಾಸಿ ಮಾಡಿದಳು. ಎಡಗೈ ಮಾತ್ರ ಬೇರೆಯೇ ಆಗಿತ್ತು. ಬಲಗೈ ಸೆರಗು ಹೊದ್ದರೆ ಅದು ಜಗ್ಗುತ್ತಿತ್ತು. ಬಲಗೈ ಚಹಾದ ಕಪ್ಪು ಎತ್ತಿದರೆ ಅದು ಕೆಳಗಿಡಿಸುತ್ತಿತ್ತು. ಚಾಚಿ ಆ ಕೈಯನ್ನು ‘ಆಕಿ’ ಎನ್ನುತ್ತಿದ್ದಳು. “ಆಕಿಗೆ ಚಾ ಬ್ಯಾಡಂತ ನೋಡ್ರಿ.” ಓಣಿಯ ಹೆಂಗಸರು ಮೊದಮೊದಲು ನಕ್ಕರು. ಬಳೆ ಇಡಲು ಹಿಡಿದ ಅವರ ಮುಂಗೈಯನ್ನು ಆಕಿ ಬಿಡದಾದಾಗ ನಗು ನಿಂತಿತು. ಕೈಗೆ ಗಾಳಿ ಹೊಕ್ಕಿದೆ ಎಂದು ಅವಳನ್ನು ಕರೆಯುವುದನ್ನೇ ಬಿಟ್ಟರು. ಬಳೆ ಬಿಟ್ಟರೆ ಚಾಚಿಗೆ ಬೇರೆ ಕಸುಬಿರಲಿಲ್ಲ.

ನನ್ನ ಕುಬಸದ ದಿನ, ಬಸುರಿಯ ಕೈಗೆ ಹಸಿರು ಬಳೆ ಇಡಲು ಅವಳೇ ಬರಬೇಕೆಂದು ಹಟ ಹಿಡಿದೆ. ಇವತ್ತು ಸುಸೂತ್ರವಾದರೆ ಓಣಿ ಮತ್ತೆ ಕರೆಯುತ್ತದೆಂದು ಅವಳಿಗೂ ಗೊತ್ತಿತ್ತು. ಬಲಗೈ ಬಳೆ ಏರಿಸಿತು. ಎಡಗೈ ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆಯಿತು. ಮತ್ತೆ ಏರಿಸಿತು, ಮತ್ತೆ ತೆಗೆಯಿತು... ಚಾಚಿ ನನ್ನ ಮುಖ ನೋಡಿ ನಗುತ್ತಲೇ ಇದ್ದಳು. ಹಣೆ ಮಾತ್ರ ಬೆವೆತಿತ್ತು. “ಬಿಡವ್ವಾ, ಹುಡುಗಿ ಬಸುರಿ ಅದಾಳ,” ಎಂದು ಎಡಗೈಯನ್ನು ಬೇಡಿಕೊಂಡಳು. ಅಷ್ಟರಲ್ಲಿ ಬಳೆ ಚಟ್ಟೆಂದಿತು. ಬಳೆ ಒಡೆಯಿತು ಎನ್ನಬಾರದಲ್ಲ, “ಹೆಚ್ಚಾತು,” ಎಂದಳು ಅವ್ವ, ಬಿಳಿಚಿಕೊಂಡು.

ನನ್ನ ಮಗಳು ಗುಂಡುಕಲ್ಲಿನ ಹಾಗೆ ಹುಟ್ಟಿದಳು. ಆದರೂ ಚಾಚಿಯನ್ನು ಯಾರೂ ಕರೆಯಲಿಲ್ಲ.

ಬಾಣಂತನ ಮುಗಿದ ಮೇಲೆ ಗೋಕಾಕದ ಅವಳ ಮನೆಗೆ ಹೋದೆ. ಅವಳ ಎಡಗೈ ತುಂಬ ಮೊಣಕೈವರೆಗೂ ಬಳೆ. ಬಲಗೈ ಬೋಳು.

“ಆಕಿಗೆ ನಾ ಇಡ್ತೇನಿ ಬೇಟಿ. ನನಗ ಆಕಿ ಇಡವಲ್ಲಳು.”

ನಾನೇ ಒಂದು ಬಳೆ ತೆಗೆದುಕೊಂಡು ಅವಳ ಬಲಗೈಗೆ ಏರಿಸಹೋದೆ. ಬಳೆ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಚಾಚಿ ನೋವಿಗೆ ಮುಖ ಆ ಕಡೆ ತಿರುಗಿಸಿ ಕಣ್ಣು ಮುಚ್ಚಿದಳು. ಆಗ ಎಡಗೈ ಸದ್ದು ಮಾಡದೆ ಬಂತು... ಕಿತ್ತುಕೊಳ್ಳುತ್ತದೆಂದು ನಾನು ಬಳೆಯನ್ನು ಬಿಗಿಯಾಗಿ ಹಿಡಿದೆ. ಕಿತ್ತುಕೊಳ್ಳಲಿಲ್ಲ. ಬಲಗೈಯನ್ನು ಹಿಡಿದು, ಹೆಬ್ಬೆರಳ ಬುಡ ಹಿಸುಕಿ ಹಿಸುಕಿ ಮೆತ್ತಗೆ ಮಾಡಿತು. ಆಮೇಲೆ ನನ್ನ ಬೆರಳು ಸರಿಸಿ ತಾನೇ ಬಳೆ ಏರಿಸಿ, ಮಡಿಲಿಗೆ ಹೋಗಿ ಮಲಗಿತು.

“ಎಷ್ಟ ಹಗೂರ ಇಟ್ಟಿ ಬೇಟಿ!” ಎಂದಳು ಚಾಚಿ, ಕಣ್ಣು ತೆರೆದು.

“ನಾನಲ್ಲ ಚಾಚಿ. ಆಕಿ.”

“ಚ್ಯಾಷ್ಟಿ ಮಾಡಬ್ಯಾಡ,” ಎಂದು ನಕ್ಕುಬಿಟ್ಟಳು. ಎಷ್ಟು ಹೇಳಿದರೂ ನಂಬಲಿಲ್ಲ.

ಈಗ ಚಾಚಿ ಇಲ್ಲ. ನಂಬದೆಯೇ ಹೋದಳೆಂಬ ಸಂಕಟ ನನಗೆ ಇನ್ನೂ ಹೋಗಿಲ್ಲ. ಮಣ್ಣಿಗೆ ಹೋದಾಗ ಎಲ್ಲರೂ ಚಾಚಿಗಾಗಿ ಅತ್ತರು. ಆಕಿಗಾಗಿ ಅತ್ತವಳು ನಾನೊಬ್ಬಳೇ.